ಪರಂಗಿಕಾಯಿ ಕಿಣ್ವದ ಹರಳು: ಮೊದಲು 25ನೇ ಜಾಗ ನೋಡಿ

ಪ್ರೋಟೀನಿನ ಹರಳು ಬೆಳೆಸಿ, ಎಕ್ಸ್-ರೇ ಹಾಯಿಸಿ, ಅದರ ರಚನೆ ಕಂಡುಹಿಡಿಯುವುದು ನನ್ನ ಕೆಲಸ. ಲ್ಯಾಬಿಗೆ ಹೊಸದಾಗಿ ಸೇರಿದವರ ಕೈಗೆ ಮೊದಲು ಪಪೈನ್ ಕೊಡುತ್ತೇನೆ. ಹಸಿ ಪರಂಗಿಕಾಯಿಗೆ ಗೀರು ಹಾಕಿದರೆ ಒಸರುವ ಹಾಲಿನಲ್ಲಿರುವ ಕಿಣ್ವ ಇದು. ಮಟನ್ ಬೇಗ ಬೇಯಲಿ ಅಂತ ಕಾಯಿ ಅರೆದು ಹಚ್ಚುತ್ತಾರಲ್ವಾ, ಅಲ್ಲಿ ಮಾಂಸದ ಪ್ರೋಟೀನ್ ತುಂಡರಿಸುವುದು ಇದೇ.

ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ಯಾನ್ ಡ್ರೆಂಟ್ ತಂಡ 1968ರಲ್ಲೇ ಇದರ ರಚನೆಯನ್ನು 2.8 ಆಂಗ್‌ಸ್ಟ್ರಮ್ (ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) ಮಟ್ಟದಲ್ಲಿ ತೋರಿಸಿತ್ತು. 1984ಕ್ಕೆ ಅದು 1.65ಕ್ಕೆ ಇಳಿಯಿತು. ಈ ಸಂಖ್ಯೆ ಇಳಿದಷ್ಟೂ ಚಿತ್ರ ಸ್ಪಷ್ಟ. 212 ಅಮೈನೋ ಆಮ್ಲಗಳ ಸರ ಮಡಚಿಕೊಂಡು ಎರಡು ಹೋಳಾಗಿದೆ, ನಡುವೆ ಒಂದು ಸೀಳು. ಕೆಲಸವೆಲ್ಲ ಆ ಸೀಳಿನಲ್ಲೇ.

ಹೊಸಬರು 1.65 ಅಂತ ನೋಡಿದ ಕೂಡಲೇ ಆ ರಚನೆಯ ಫೈಲನ್ನು ನಂಬಿಬಿಡುತ್ತಾರೆ. ಸರದ 25ನೇ ಜಾಗಕ್ಕೆ ಹೋಗಿ ಅಂತ ಹೇಳುತ್ತೇನೆ. ಪಪೈನ್‌ನಲ್ಲಿ ಸಿಸ್ಟೀನ್ ಅನ್ನುವ, ಗಂಧಕ ಇರುವ ಅಮೈನೋ ಆಮ್ಲ ಏಳು ಕಡೆ ಇದೆ. ಆರು ಜೋಡಿಜೋಡಿಯಾಗಿ ಬೆಸೆದುಕೊಂಡಿವೆ. ಒಂಟಿಯಾಗಿ ಉಳಿದ 25ನೆಯದರ ಗಂಧಕವೇ ಕತ್ತರಿಸುವ ಕೆಲಸ ಮಾಡುವುದು. 1984ರ ರಚನೆಯಲ್ಲಿ ಅದಕ್ಕೇ ಆಕ್ಸಿಜನ್ ಅಂಟಿದೆ! ಅಂದರೆ ಅದು ಕೆಲಸ ನಿಂತ ಕಿಣ್ವದ ಚಿತ್ರ. ಯಾರೂ ಮುಚ್ಚಿಟ್ಟಿಲ್ಲ, ಫೈಲಿನಲ್ಲೇ ಬರೆದಿದೆ. ಓದುವವರು ಕಮ್ಮಿ, ಅಷ್ಟೆ.

ಹರಳು ದಿನಗಟ್ಟಲೆ ಬೆಳೆಯುತ್ತದೆ. ಅಷ್ಟೂ ಹೊತ್ತು ಆ ಗಂಧಕಕ್ಕೆ ಗಾಳಿಯ ಆಕ್ಸಿಜನ್ ತಾಗುತ್ತಲೇ ಇರುತ್ತದೆ. ಆಕ್ಸಿಜನ್ ಅಂಟದಂತೆ ತಡೆಯುವ ರಾಸಾಯನಿಕ ಡಿಟಿಟಿ ಹಾಕಿದ್ದೇವಲ್ಲ ಅನ್ನುತ್ತಾರೆ. ಹರಳು ಬೆಳೆಯುವ ದ್ರಾವಣದ ಹನಿಯಲ್ಲಿ ಡಿಟಿಟಿಯೂ ಕೆಲವೇ ದಿನಕ್ಕೆ ಸತ್ವ ಕಳೆದುಕೊಳ್ಳುತ್ತದೆ. ಒಂದು ಆಕ್ಸಿಜನ್ ಸೇರಿದ್ದರೆ ಸರಿಪಡಿಸಬಹುದು. ಮೂರು ಸೇರಿದರೆ ಮುಗಿಯಿತು, ಡಿಟಿಟಿಯಿಂದ ವಾಪಸ್ ಬರುವುದಿಲ್ಲ.

ಆಕ್ಸಿಜನ್ ಅಂಟಿರುವುದು ಪರದೆ ಮೇಲೆ ಸ್ಪಷ್ಟವಾಗಿಯೇ ಕಾಣುತ್ತದೆ. ರಚನೆ ಕಟ್ಟಿ ನೋಡುವ ಕೂಟ್ ತಂತ್ರಾಂಶ ತೆರೆದು, ಬರೀ ಸಿಸ್ಟೀನ್ ಇಟ್ಟು ನೋಡಿ. ಎಕ್ಸ್-ರೇ ಡೇಟಾ ತೋರಿಸುವ ನೀಲಿ ಬಲೆಯೊಳಗೆ ಗಂಧಕ ಸರಿಯಾಗಿ ಕೂರುತ್ತದೆ. ಆದರೆ ಅದರ ಸುತ್ತ ಹಸಿರು ಉಂಡೆಗಳು ಉಳಿದುಬಿಡುತ್ತವೆ. ಹಸಿರು ಅಂದರೆ ಡೇಟಾದಲ್ಲಿ ಇದೆ, ನೀವು ಇಟ್ಟಿಲ್ಲ ಅಂತ. ಅದನ್ನು ನೀರು ಅಂತ ತುಂಬಿಸಿ ಮುಂದೆ ಹೋಗುವವರನ್ನೂ ನೋಡಿದ್ದೇನೆ. ನೀರಾದರೆ ಗಂಧಕಕ್ಕೆ ಅಷ್ಟು ಹತ್ತಿರ ಬರಲ್ಲ.

ಕಂಪ್ಯೂಟರಿನಲ್ಲಿ ಔಷಧದ ಅಣು ಕೂರಿಸಿ ನೋಡುವವರಿಗೂ ಇದು ಮುಖ್ಯ. ಸುಮ್ನೆ ಆಕ್ಸಿಜನ್ ಅಳಿಸಿದರೆ ಸಾಲದು. ಪಕ್ಕದಲ್ಲಿರುವ, ಸರದ 159ನೇ ಅಮೈನೋ ಆಮ್ಲ ಹಿಸ್ಟಿಡಿನ್ ಆ ಆಕ್ಸಿಜನ್‌ಗಳಿಗೆ ಹೊಂದಿಕೊಂಡು ಕೂತಿರಬಹುದು. ಅದಕ್ಕೇ ನಾನು ಇ-64 ಅನ್ನುವ ತಡೆಕಾರಕ ಗಂಧಕಕ್ಕೆ ಅಂಟಿಕೊಂಡಿರುವ ರಚನೆಯನ್ನೂ ಪಕ್ಕಕ್ಕಿಟ್ಟು, ಎರಡರಲ್ಲೂ ಆ ಹಿಸ್ಟಿಡಿನ್ ಎಲ್ಲಿದೆ ಅಂತ ಹೋಲಿಸಿಯೇ ಫೈಲ್ ಕೊಡುತ್ತೇನೆ.