ಹವಳ ಅಂಟಿಸಿದ ಭಾನುವಾರ

ದಾವಣಗೆರೆ, 16 ನವೆಂಬರ್ 2025, ಭಾನುವಾರ

ಬೆಳಿಗ್ಗೆ ಐದೂಕಾಲಿಗೇ ಬಸ್ ಸ್ಟ್ಯಾಂಡ್ ಹತ್ರ ಹೋಗಿ ನಿಂತಿದ್ದೆ. ನಮ್ಮನೆ ಉಪ್ಪುನೀರಿನ ಅಕ್ವೇರಿಯಂ ತೊಟ್ಟಿಗೆ ಅಂತ ಬೆಂಗಳೂರಿನ ಗೆಳೆಯ ರಾತ್ರಿ ಬಸ್ಸಿಗೆ ಜೀವಂತ ಹವಳದ ಥರ್ಮಾಕೋಲ್ ಬಾಕ್ಸ್ ಹಾಕಿದ್ದ, ಡಿಕ್ಕಿಗೆ ಬೇಡ, ಕ್ಯಾಬಿನ್ ಒಳಗೇ ಇಟ್ಕಳ್ರಿ ಜೀವ ಐತೆ ಇದ್ರಾಗೆ ಅಂತ ಡ್ರೈವರ್‌ಗೆ ಎರಡೆರಡು ಸಲ ಹೇಳಿದ್ನಂತೆ. ಆ ಪುಣ್ಯಾತ್ಮರು ಕಾಲ ಹತ್ರನೇ ಇಟ್ಕೊಂಡು ಅಲ್ಲಾಡದ ಹಾಗೆ ತಂದಿದ್ರು. ಚಹಾ ಕುಡೀರಿ ಅಂದ್ರೆ ಟೈಮಿಲ್ಲ ಅಂತ ಹೊರಟೇಬಿಟ್ರು. ಕಾರ್ತೀಕದ ಚಳಿ, ಗಾಡಿ ಮೇಲೆ ಬಾಕ್ಸ್ ಮಡಿಲಲ್ಲಿಟ್ಕೊಂಡು ಹಿಂದೆ ಕೂತಿದ್ದ ಮಗಳು ದಾರಿಯುದ್ದಕ್ಕೂ ಅದರ ಮುಚ್ಚಳಕ್ಕೆ ಕಿವಿ ಕೊಟ್ಟಿದ್ಲು.

ನಾಲ್ಕು ಕವರ್ ಇದ್ವು. ಒಂದ್ರಲ್ಲಿ ಜೊವಾಂಥಿಡ್, ಪುಟ್ಟ ಹೂವಿನಂಥ ಬಾಯಿಗಳು ಒತ್ತಾಗಿ ಬೆಳೆಯೋ ಜೀವಿ, ಹನ್ನೆರಡು ಹದಿಮೂರು ಬಾಯಿ ಇರೋ ಗುಂಪು, ಹಸಿರು ಅಂಚು ಕಿತ್ತಳೆ ನಡು. ಒಂದ್ರಲ್ಲಿ ಮೂರು ಮಶ್ರೂಮ್ ಹವಳ. ಒಂದ್ರಲ್ಲಿ ಗ್ರೀನ್ ಸ್ಟಾರ್ ಪಾಲಿಪ್, ನೇರಳೆ ಚಾಪೆ ಥರದ್ದು. ಕೊನೇದು ನಾನು ವರ್ಷದಿಂದ ಕಾಯ್ತಿದ್ದ ಟೋಡ್‌ಸ್ಟೂಲ್, ಸಾರ್ಕೋಫೈಟಾನ್ ಅನ್ನೋ ಲೆದರ್ ಕೋರಲ್, ಗೆಳೆಯನ ತೊಟ್ಟಿಯಲ್ಲಿರೋ ದೊಡ್ಡದರ ಟೋಪಿ ಅಂಚಿಂದ ಅವನೇ ಕುಯ್ದು ಬೆಳೆಸಿದ ತುಂಡು, ಕೆಳಗಡೆ ಒಂದು ಚಿಕ್ಕ ಕಲ್ಲಿಗೆ ಆಗ್ಲೇ ಬೇರು ಬಿಟ್ಟಂಗೆ ಕಚ್ಕೊಂಡಿದೆ. ನಾಲ್ಕೂ ಮನೆ ತೊಟ್ಟಿಯಲ್ಲಿ ಬೆಳೆದವೇ, ಸಮುದ್ರದಿಂದ ಕಿತ್ತಿದ್ದಲ್ಲ. ನಾನು ಮೆತ್ತನೆ ಹವಳ ಬಿಟ್ಟು ಬೇರೆ ಇಡೋದೇ ಇಲ್ಲ. ರೀಫ್, ಅಂದ್ರೆ ಸಮುದ್ರದೊಳಗಿನ ಹವಳದ ದಿಬ್ಬ, ಕಟ್ಟೋ ಗಟ್ಟಿ ಹವಳಗಳು ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲ್‌ನಲ್ಲಿವೆ, ಹುಲಿ ಇರೋ ಸಾಲಲ್ಲೇ. ಮುರುಡೇಶ್ವರದಿಂದ ಬೋಟಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಒಂದ್ಸಲ ನೀರೊಳಗೆ ಇಳಿದು ನೋಡಿದ್ದೀನಿ. ಅಲ್ಲಿರೋದು ಅಲ್ಲೇ ಇರಬೇಕು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ.

ಕವರ್ ನೀರು 21 ಡಿಗ್ರಿ, ನನ್ನ ತೊಟ್ಟಿ 26. ಅರ್ಧ ಗಂಟೆ ಕವರ್ ಕಟ್ಟಿದ ಹಾಗೇ ತೇಲಿಬಿಟ್ಟೆ. ಉಪ್ಪಿನ ಲೆಕ್ಕ, ಅಂದ್ರೆ ನೀರಿನ ಸಾಂದ್ರತೆ, ನೋಡಿದ್ರೆ ಅವನದ್ದು 1.024, ನನ್ನದು 1.025, ಅಷ್ಟು ವ್ಯತ್ಯಾಸಕ್ಕೆ ಗಂಟೆಗಟ್ಲೆ ಹನಿ ಹನಿ ಬಿಡೋದು ಬೇಕಿಲ್ಲ, ಆ ಹೊತ್ತಲ್ಲಿ ಚಿಕ್ಕ ಪಾತ್ರೆ ನೀರು ಮತ್ತೆ ತಣ್ಣಗಾಗಿ ಅದೇ ತೊಂದ್ರೆ ಆಗುತ್ತೆ. ಹತ್ತು ನಿಮಿಷದಲ್ಲಿ ನಾಲ್ಕೈದು ಸಲ ಲೋಟದಲ್ಲಿ ತೊಟ್ಟಿ ನೀರು ಬೆರೆಸಿದೆ, ಸಾಕು.

ತೊಟ್ಟಿ ದೊಡ್ಡದೇನಲ್ಲ, 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, ಸುಮಾರು 190 ಲೀಟರ್, ಕಲ್ಲು ಮರಳು ಕಳೆದ್ರೆ 150 ಅನ್ಕೊಳಿ. ಸಮುದ್ರ ಇಲ್ಲಿಂದ ಘಟ್ಟ ಇಳಿದು ಹೋಗೋಷ್ಟು ದೂರ, ಹಾಗಾಗಿ ಸಮುದ್ರದ ನೀರನ್ನ ನಾವೇ ಮಾಡ್ಕೋಬೇಕು, ನಲ್ಲಿ ನೀರನ್ನ ಆರ್‌ಒ ಫಿಲ್ಟರ್ ಆದ್ಮೇಲೆ ಉಳಿದ ಲವಣ ಹೀರೋ ಡಿಐ ರೆಸಿನ್‌ನಲ್ಲೂ ಹಾಯಿಸಿ ಟಿಡಿಎಸ್, ಅಂದ್ರೆ ಕರಗಿದ ಲವಣದ ಅಂಶ, ಸೊನ್ನೆಗೆ ತಂದು, ಲೀಟರ್‌ಗೆ 35 ಗ್ರಾಂ ಲೆಕ್ಕದಲ್ಲಿ ಮರೈನ್ ಸಾಲ್ಟ್ ಕರಗಿಸೋದು.

ಈಗ ಹುಳದ ವಿಷಯ. ಡಿಪ್ ಮಾಡದೆ, ಅಂದ್ರೆ ಹುಳ ಉದುರಿಸೋ ಔಷಧಿ ನೀರಲ್ಲಿ ಅದ್ದದೆ, ಯಾವ ಹವಳನೂ ನನ್ನ ತೊಟ್ಟಿಗೆ ಇಳಿಯಲ್ಲ. ಗೆಳೆಯನ ಮೇಲೆ ನಂಬಿಕೆ ಇಲ್ಲ ಅಂತಲ್ಲ, ಅವನೇ ಹೇಳ್ತಾನೆ ನನ್ನನ್ನೂ ನಂಬಬೇಡ ಅಂತ. ಬಾಟಲಿ ಮೇಲೆ ಬರೆದಷ್ಟೇ ಔಷಧಿ, ಬರೆದಷ್ಟೇ ನಿಮಿಷ, ಟರ್ಕಿ ಬಾಸ್ಟರ್ ಅನ್ನೋ ದೊಡ್ಡ ಪಿಚಕಾರಿಯಿಂದ ನೀರು ಊದ್ತಾ ಇದ್ದೆ. ಜೊವಾಂಥಿಡ್ ಬಟ್ಟಲಲ್ಲಿ ಒಂದು ಉದುರ್ತು, ಅಕ್ಕಿಕಾಳಷ್ಟು, ಮೈಮೇಲೆಲ್ಲಾ ಕುಚ್ಚು ಕುಚ್ಚು. ನ್ಯೂಡಿಬ್ರಾಂಕ್! ಚಿಪ್ಪಿಲ್ಲದ ಒಂಥರಾ ಬಸವನಹುಳ, ಜೊವಾಂಥಿಡ್‌ನೇ ತಿಂದು ಅದರ ಬಣ್ಣನೇ ಮೈಗೆ ತಗೊಂಡು ಅದರ ನಡುವೆನೇ ಅಡಗಿರುತ್ತೆ, ಭೂತಕನ್ನಡಿ ಇಟ್ರೂ ಮೊದಲ ನೋಟಕ್ಕೆ ಸಿಗಲ್ಲ. ಹುಳ ಉದುರಿದ್ರೆ ಆಯ್ತು ಅಂತ ಬಿಡೋ ಹಾಗಿಲ್ಲ, ಡಿಪ್‌ಗೆ ಮೊಟ್ಟೆ ಸಾಯಲ್ಲ. ಹವಳ ಕೂರಿಸಿರೋ ಪುಟ್ಟ ಬಿಲ್ಲೆ, ಪ್ಲಗ್ ಅಂತಾರೆ, ಅದನ್ನ ತಿರುಗಿಸಿ ನೋಡಿದ್ರೆ ಅಡಿಯಲ್ಲಿ ಬಿಳೀ ಸುರುಳಿ ಅಂಟ್ಕೊಂಡಿತ್ತು, ಅದೇ ಮೊಟ್ಟೆ. ಆ ಪ್ಲಗ್ಗೇ ಬೇಡ ಅಂತ ತೀರ್ಮಾನಿಸಿದೆ.

ಇಲ್ಲಿ ಒಂದು ಮಾತು, ಜೊವಾಂಥಿಡ್ ಇಟ್ಟಿರೋರು ದಯವಿಟ್ಟು ಗಮನ ಕೊಡಿ. ಇವುಗಳ ಕೆಲವು ಜಾತಿಗಳಲ್ಲಿ, ಅದರಲ್ಲೂ ಪಾಲಿಥೋವಾ ಅನ್ನೋದ್ರಲ್ಲಿ, ಪಾಲಿಟಾಕ್ಸಿನ್ ಅಂತ ವಿಷ ಇರುತ್ತೆ, ತುಂಬಾ ಕೆಟ್ಟ ವಿಷ. ಕಲ್ಲಿನಿಂದ ಇದನ್ನ ತೆಗೀಬೇಕು ಅಂತ ಕಲ್ಲು ಕುದಿಸಿ, ಆ ಹಬೆ ಉಸಿರಾಡಿ ಮನೆಮಂದಿಯೆಲ್ಲಾ ಆಸ್ಪತ್ರೆ ಸೇರಿರೋ ಘಟನೆಗಳು ಬೇರೆ ದೇಶಗಳಲ್ಲಿ ಆಗಿವೆ. ಅದಕ್ಕೇ ಗ್ಲೌಸ್, ಕಣ್ಣಿಗೆ ಕನ್ನಡಕ, ಕೈಯಲ್ಲಿ ಗಾಯ ಇದ್ರೆ ಆ ದಿನ ಮುಟ್ಟೋದೇ ಇಲ್ಲ, ಬಿಸಿನೀರಂತೂ ಹತ್ರಕ್ಕೂ ಬರಬಾರದು. ಮಗಳನ್ನ ಆ ಅರ್ಧ ಗಂಟೆ ಅಜ್ಜಿ ಜೊತೆ ಹಾಲ್‌ಗೆ ಕಳಿಸಿದ್ದೆ, ಅವಳಿಗೆ ಕೋಪ ಬಂತು, ಬರಲಿ. ಚೂಪಾದ ಬ್ಲೇಡಿಂದ ಚರ್ಮ ಸೀಳದ ಹಾಗೆ, ಅಡಿಯ ತೆಳು ಕಲ್ಲಿನ ಪದರ ಸಮೇತ ಗುಂಪನ್ನ ಎಬ್ಬಿಸಿ ತೆಗೆದೆ, ಹಳೇ ಪ್ಲಗ್ ಕಸಕ್ಕೆ, ಬ್ಲೇಡ್ ಕಸಕ್ಕೆ, ಬಟ್ಟಲು ಮೂರು ಸಲ ತೊಳೆದದ್ದಾಯ್ತು.

ಇನ್ನು ಜಾಗ. ಹವಳ ಅಂಟಿಸೋದು ಅಂದ್ರೆ ಎಲ್ಲರೂ ಕೇಳೋದು ಯಾವ ಗಮ್ ಅಂತ. ಗಮ್ ಕೊನೇ ಎರಡು ನಿಮಿಷದ ಮಾತು ಕಣ್ರಿ. ನನ್ನ ಹೊಟ್ಟೆಪಾಡು ಡೆಂಟಲ್ ಲ್ಯಾಬಲ್ಲಿ, ಹಲ್ಲಿನ ಕ್ಯಾಪ್ ಮಾಡೋ ಕೆಲಸ. ಸಿಮೆಂಟ್ ಹಾಕೋದಕ್ಕಿಂತ ಮುಂಚೆ ಟ್ರಯಲ್ ನೋಡ್ತಾರೆ, ಪಕ್ಕದ ಹಲ್ಲಿಗೆ ತಗಲುತ್ತಾ, ಮೇಲಿನ ಹಲ್ಲು ಕಚ್ಚುತ್ತಾ, ಅಲ್ಲಾಡುತ್ತಾ. ಹವಳಕ್ಕೂ ನನ್ನ ಪದ್ಧತಿ ಅದೇ. ಗಮ್ ಇಲ್ದೆ ಬರೀ ಕಲ್ಲಿನ ಮೇಲೆ ಇಟ್ಟು ನೋಡಬೇಕು, ನೀರಲ್ಲಿ ಅಲೆ ಎಬ್ಬಿಸೋ ವೇವ್‌ಮೇಕರ್ ಆನ್ ಮಾಡಿ ಗಾಳಿಗೆ ಜೋಳದ ತೆನೆ ಅಲ್ಲಾಡೋ ಹಂಗೆ ಅಲ್ಲಾಡ್ತಿದ್ಯಾ ಇಲ್ಲಾ ಒಂದೇ ಕಡೆಗೆ ಬಾಗಿ ಬಿಟ್ಟಿದ್ಯಾ ನೋಡಬೇಕು, ಬಾಗಿದ್ರೆ ಆ ಜಾಗ ಅದಕ್ಕಲ್ಲ. ಇವತ್ತು ಎಷ್ಟಿದೆ ಅಂತ ನೋಡಬಾರದು, ವರ್ಷ ಕಳೆದ್ಮೇಲೆ ಎಷ್ಟಾಗುತ್ತೆ ಅಂತ ನೋಡಿ ಜಾಗ ಬಿಡಬೇಕು. ಟೋಡ್‌ಸ್ಟೂಲ್ ಇವತ್ತು ನಿಂಬೆಹಣ್ಣಿನಷ್ಟಿದೆ, ಗೆಳೆಯನ ತೊಟ್ಟಿಯಲ್ಲಿ ಅದರ ತಾಯಿ ಊಟದ ತಟ್ಟೆಯಷ್ಟಿದೆ. ಅದು ಟೋಪಿ ಅಗಲಿಸಿದ್ರೆ ಕೆಳಗಡೆ ಇರೋದಕ್ಕೆ ಬೆಳಕೇ ಸಿಗಲ್ಲ. ಅದೂ ಅಲ್ದೆ ಲೆದರ್ ಹವಳ ಸುಮ್ಮನೆ ಕೂರೋ ಜಾತಿ ಅಲ್ಲ, ಪಕ್ಕದವರು ಬೆಳೀಬಾರದು ಅಂತ ನೀರಿಗೇ ರಾಸಾಯನಿಕ ಬಿಡುತ್ತೆ, ಅದಕ್ಕೇ ನಾನು ಯಾವಾಗ್ಲೂ ಅದನ್ನ ಹೀರೋಕೆ ಒಂದು ಚೀಲ ಆಕ್ಟಿವೇಟೆಡ್ ಕಾರ್ಬನ್ ಇಟ್ಟಿರ್ತೀನಿ.

ಹೋದ ವರ್ಷ ಶ್ರಾವಣದಲ್ಲಿ ತಂದಿದ್ದ ಮೊದಲನೇ ಟೋಡ್‌ಸ್ಟೂಲ್ ನೆನಪಾದ್ರೆ ಈಗಲೂ ಸಂಕಟ ಆಗುತ್ತೆ. ಭಾರ ಐತಲ್ಲ, ಕೂತ್ಕಳುತ್ತೆ ಅಂತ ಕಲ್ಲಿನ ಬಿರುಕಿಗೆ ಸಿಕ್ಕಿಸಿ ಬಿಟ್ಟಿದ್ದೆ, ಗಮ್ ಆಮೇಲೆ ಹಾಕಣ ಅಂತ. ಮೂರನೇ ರಾತ್ರಿ ಹರ್ಮಿಟ್ ಏಡಿ ಹತ್ತಿ ದೂಡಿರಬೇಕು, ಕಲ್ಲಿನ ಹಿಂದೆ ತಲೆಕೆಳಗಾಗಿ ಬಿತ್ತು, ನನಗೆ ಮುಂದಿನಿಂದ ಕಾಣ್ಲಿಲ್ಲ, ಮುಚ್ಕೊಂಡಿರಬೇಕು ಬಿಡು ಅನ್ಕೊಂಡೆ, ಲೆದರ್‌ಗಳು ಮೈಮೇಲಿನ ಮೇಣದಂಥಾ ಪೊರೆ ಕಳಚೋವಾಗ ಎಷ್ಟೋ ದಿನ ಮುಚ್ಕೊಂಡಿರ್ತವೆ. ಕೊಳೆತು ವಾಸನೆ ಬಂದಾಗ್ಲೇ ಗೊತ್ತಾಗಿದ್ದು. ಅದರ ಜೊತೆ ಎರಡು ಬಸವನಹುಳ, ಒಂದು ಸೀಗಡಿನೂ ಹೋಯ್ತು. ಜೀವ ತಂದು ಮನೆಯಲ್ಲಿ ಇಟ್ಟುಕೊಳ್ಳೋನು ಅದನ್ನ ಬೀಳದ ಹಾಗೆ ನೋಡ್ಕೋಬೇಕಾದ್ದು ಮೊದಲ ಕರ್ತವ್ಯ, ನಾನು ಅಷ್ಟನ್ನೂ ಮಾಡಿರಲಿಲ್ಲ.

ಹಾಗಾಗಿ ಇವತ್ತು ಟೋಡ್‌ಸ್ಟೂಲ್‌ಗೇ ಜಾಸ್ತಿ ಹೊತ್ತು. ಲೆದರ್ ಮೈಯೆಲ್ಲಾ ಲೋಳೆ, ಮೈಗೆ ನೇರ ಗಮ್ ಹಾಕಿದ್ರೆ ಲೋಳೆ ಸಮೇತ ಕಳಚ್ಕೊಂಡು ಬರುತ್ತೆ, ಅದರ ಅಡಿಯ ಕಲ್ಲಿಗೇ ಹಾಕಬೇಕು. ಮೊದಲು ದೊಡ್ಡ ಕಲ್ಲಿನ ಮೇಲೆ ಗುರುತು ಮಾಡಿದ ಜಾಗನ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದೆ, ಪಾಚಿ ಪೊರೆ ಇದ್ರೆ ಗಮ್ ಆ ಪೊರೆಯನ್ನ ಹಿಡ್ಕಳುತ್ತೆ ಹೊರತು ಕಲ್ಲನ್ನಲ್ಲ, ಎರಡು ವಾರಕ್ಕೆ ಪೊರೆ ಸಮೇತ ಎದ್ದು ಬರುತ್ತೆ. ಎರಡು ಭಾಗದ ಪುಟ್ಟಿ, ನೋಡೋಕೆ ಎಂ-ಸೀಲ್ ಥರನೇ, ಆದ್ರೆ ಅಕ್ವೇರಿಯಂಗೆ ಅಂತಲೇ ಬರೋದು, ಎರಡನ್ನೂ ಸಮ ತಗೊಂಡು ಬಣ್ಣ ಒಂದಾಗೋವರೆಗೂ ನಾದಿದೆ. ಲ್ಯಾಬಲ್ಲಿರೋ ಅಕ್ರಿಲಿಕ್ಕೇ ಹಾಕ್ಬಹುದಲ್ಲ ಅಂತ ಜೊತೆ ಕೆಲಸ ಮಾಡೋರು ಕೇಳ್ತಾರೆ, ಮೊನೋಮರ್, ಅಂದ್ರೆ ಅಕ್ರಿಲಿಕ್ ಕಲಸೋ ದ್ರವದ ವಾಸನೆ ಬರೋ ಯಾವುದನ್ನೂ ನಾನು ಈ ನೀರಿಗೆ ಇಳಿಸಲ್ಲ. ಪುಟ್ಟಿ ಒಂದೇ ಹಾಕಿದ್ರೆ ನೀರೊಳಗೆ ಅಂಟಲ್ಲ, ಆಕಾರ ಹಿಡಿಯುತ್ತೆ ಅಷ್ಟೇ. ಗಮ್ ಒಂದೇ ಹಾಕಿದ್ರೆ ಅಂಟುತ್ತೆ, ಆದ್ರೆ ಸಂದು ತುಂಬಲ್ಲ. ಅದಕ್ಕೇ ಮೂರು ಪದರ: ಹವಳದ ಕಲ್ಲಿಗೆ ಜೆಲ್ ಗಮ್, ಅದಕ್ಕೆ ಗೋಲಿಯಷ್ಟು ಪುಟ್ಟಿ, ಪುಟ್ಟಿ ಮೇಲೆ ಮತ್ತೆ ಜೆಲ್ ಗಮ್, ಹಂಗೇ ನೀರೊಳಗೆ ಇಳಿಸಿ ಜಾಗಕ್ಕೆ ಒತ್ತಿ ಸ್ವಲ್ಪ ತಿರುಗಿಸಬೇಕು. ಆ ತಿರುಗಿಸೋದು ಮುಖ್ಯ. ಈ ಗಮ್, ಸಯನೋಅಕ್ರಿಲೇಟ್ ಅಂತಾರೆ, ಗಟ್ಟಿಯಾಗೋದೇ ತೇವಕ್ಕೆ, ನೀರು ಸೋಕಿದ ತಕ್ಷಣ ಮೇಲೆ ಕೆನೆ ಕಟ್ಟುತ್ತೆ, ತಿರುಗಿಸಿದ್ರೆ ಆ ಕೆನೆ ಒಡೆದು ಒಳಗಿನ ಹಸಿ ಗಮ್ ಕಲ್ಲಿಗೆ ಸಿಗುತ್ತೆ. ಫೆವಿಕ್ವಿಕ್‌ನಲ್ಲಿ ಇರೋದೂ ಅದೇ ಸಯನೋಅಕ್ರಿಲೇಟೇ, ಆದ್ರೆ ನೀರಿನ ಥರ ಹರಿಯೋದು ಬೇಡ, ಜೆಲ್ ರೂಪದ್ದೇ ಬೇಕು.

ಪಂಪು, ವೇವ್‌ಮೇಕರ್, ನೊರೆಯಲ್ಲಿ ಕಸ ತೆಗೆಯೋ ಸ್ಕಿಮ್ಮರ್ ಎಲ್ಲಾ ಆಫ್ ಮಾಡಿ ಮೊಣಕೈ ಮೇಲೆವರೆಗೂ ನೀರಲ್ಲಿಟ್ಟು ಎರಡು ನಿಮಿಷ ಹಿಡ್ಕೊಂಡು ನಿಂತೆ. ಲ್ಯಾಬಲ್ಲಿ ಸೆಟ್ ಆಗೋ ಹೊತ್ತಲ್ಲಿ ಕೈ ಅಲ್ಲಾಡಿಸಬಾರದು ಅಂತ ಇಪ್ಪತ್ತು ವರ್ಷದಿಂದ ಕಲಿತಿದ್ದು ಇಲ್ಲಿ ಕೆಲಸಕ್ಕೆ ಬಂತು. ಕೈ ಬಿಟ್ಟೆ. ನಿಂತಿತು.

ಜೊವಾಂಥಿಡ್‌ನ ಮಾತ್ರ ದೊಡ್ಡ ಕಲ್ಲಿಗೆ ಅಂಟಿಸ್ಲಿಲ್ಲ. ಅಂಗೈಯಷ್ಟು ಬಿಡಿ ಕಲ್ಲಿಗೆ ಅಂಟಿಸಿ, ಆ ಕಲ್ಲನ್ನ ಮರಳ ಮೇಲೆ ಇಟ್ಟಿದ್ದೀನಿ. ಹೊಸದಾಗಿ ಯಾರಾದ್ರೂ ಶುರು ಮಾಡೋರಿದ್ರೆ ಇದೊಂದನ್ನ ಕೈಮುಗಿದು ಕೇಳ್ಕೊಳ್ತೀನಿ, ಮೊದಲು ಬಿಡಿ ಕಲ್ಲಿಗೆ, ದೊಡ್ಡ ಕಲ್ಲಿಗೆ ಆಮೇಲೆ. ಯಾಕಂದ್ರೆ ಹವಳದ ಊಟದಲ್ಲಿ ದೊಡ್ಡ ಪಾಲು ಬರೋದು ಅದರ ಮೈಯೊಳಗೆ ವಾಸ ಮಾಡೋ ಝೂಝಾಂಥೆಲ್ಲೆ ಅನ್ನೋ ಪಾಚಿಯಿಂದ, ಅವು ಬೆಳಕಲ್ಲಿ ಸಕ್ಕರೆ ಮಾಡಿ ಹವಳಕ್ಕೆ ಕೊಡ್ತವೆ, ಬೇರೆ ಬೆಳಕಿಂದ ಬಂದದ್ದನ್ನ ಏಕ್‌ದಂ ನಮ್ಮ ಲೈಟ್ ಕೆಳಗೆ ಮೇಲುಗಡೆ ಇಟ್ರೆ ಪಾಚಿ ಹೊರಗೆ ಹೋಗಿ ಹವಳ ಬಿಳುಚ್ಕೊಳುತ್ತೆ. ಬಿಡಿ ಕಲ್ಲಾದ್ರೆ ವಾರಕ್ಕೊಂದು ಮೆಟ್ಟಿಲು ಮೇಲಕ್ಕೆ ತರಬಹುದು, ಒಗ್ಗಲಿಲ್ಲ ಅಂದ್ರೆ ಕೆಳಗೆ ಇಳಿಸಬಹುದು, ಹುಳ ಕಂಡ್ರೆ ಕಲ್ಲು ಸಮೇತ ಎತ್ತಿ ಮತ್ತೆ ಡಿಪ್ ಮಾಡಬಹುದು. ಮೊಟ್ಟೆ ಒಂದೆರಡು ಉಳಿದಿದ್ರೂ ಉಳಿದಿರಬಹುದು, ಅದಕ್ಕೆ ಮುಂದಿನ ಭಾನುವಾರ ಇನ್ನೊಂದು ಡಿಪ್. ಟೋಡ್‌ಸ್ಟೂಲ್ ಒಂದೇ ಸಲಕ್ಕೆ ಪಕ್ಕಾ ಜಾಗಕ್ಕೆ ಹೋಗಿರೋದ್ರಿಂದ ಇಡೀ ಲೈಟನ್ನೇ 70ರಿಂದ 50 ಪರ್ಸೆಂಟ್‌ಗೆ ಇಳಿಸಿದ್ದೀನಿ.

ಗ್ರೀನ್ ಸ್ಟಾರ್ ಪಾಲಿಪ್ ಮೂಲೆಯಲ್ಲಿ ಒಂಟಿ ಕಲ್ಲಿನ ಮೇಲೆ, ಸುತ್ತ ಮರಳು. ಅದು ಮುಟ್ಟಿದ ಕಲ್ಲೆಲ್ಲಾ ತನ್ನದು ಅಂತ ಹಬ್ಬುತ್ತೆ.

ಮಶ್ರೂಮ್‌ಗೆ ಗಮ್ಮೇ ಆಗಲ್ಲ. ಲೋಳೆ, ನುಣುಪು. ಅದಕ್ಕೆ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಚಿಕ್ಕ ಚಿಕ್ಕ ಕಲ್ಲು ತುಂಬಿ, ಮೂರನ್ನೂ ಅದರ ಮೇಲೆ ಬಿಟ್ಟು, ಬಾಯಿಗೆ ನೆಟ್ ಬಟ್ಟೆ ಕಟ್ಟಿ, ಹರಿವು ಕಮ್ಮಿ ಇರೋ ನೆರಳಲ್ಲಿ ಇಟ್ಟೆ. ಒಂದೆರಡು ವಾರದಲ್ಲಿ ತಾವಾಗೇ ಕಲ್ಲು ಹಿಡೀತವೆ, ಆಮೇಲೆ ಆ ಕಲ್ಲನ್ನ ಅಂಟಿಸಿದ್ರಾಯ್ತು. ನೆಟ್ ಬಟ್ಟೆ ನಿನ್ನೆ ಚೌಕಿಪೇಟೆಯಲ್ಲಿ ತಂದಿದ್ದು, ಅಂಗಡಿಯವರು ಲಂಗಕ್ಕಾ ಫ್ರಾಕಿಗಾ ಅಂದ್ರು, ಹವಳಕ್ಕೆ ಅಂದೆ, ಬಿಸಿ ನೀರಲ್ಲಿ ತೊಳೆದು ಬಣ್ಣ ಬಿಡುತ್ತಾ ನೋಡ್ಕಳ್ರಿ ಅಂತ ಅವರೇ ಹೇಳಿದ್ರು. ಎಷ್ಟು ಸರಿಯಾದ ಮಾತು.

ಮಧ್ಯಾಹ್ನ ಎರಡೂವರೆಗೆ ಕರೆಂಟ್ ಹೋಯ್ತು. ಪುಟ್ಟಿ ಹಾಕಿದ ದಿನ ಸ್ಕಿಮ್ಮರ್ ಉಕ್ಕೋದ್ರಿಂದ ಹೆಂಗೂ ಅದನ್ನ ಆಫ್ ಮಾಡಿದ್ದೆ, ಆದ್ರೆ ನೀರು ಅಲ್ಲಾಡದೆ ನಿಂತ್ರೆ ಆಕ್ಸಿಜನ್ ಇಳಿಯುತ್ತೆ, ವೇವ್‌ಮೇಕರ್ ಒಂದನ್ನ ಇನ್ವರ್ಟರ್‌ಗೆ ಹಾಕಿದೆ. ಮುಕ್ಕಾಲು ಗಂಟೆಗೆ ವಾಪಸ್ ಬಂತು. ಏಪ್ರಿಲ್ ಮೇ ಆಗಿದ್ರೆ ಇಷ್ಟರಲ್ಲಿ ನೀರು ಬಿಸಿಯಾಗಿ ಫ್ಯಾನ್ ತಿರುಗಿಸಿಟ್ಟು ಕೂರಬೇಕಿತ್ತು. ಈ ಊರಲ್ಲಿ ಹೊಸ ಹವಳ ತರೋದಿದ್ರೆ ಕಾರ್ತೀಕದಿಂದ ಮಾಘದ ಒಳಗೇ ತರಬೇಕು ಅನ್ನೋದು ನನ್ನ ಅನುಭವ.

ಸಂಜೆ ಅಮ್ಮ ದೇವಸ್ಥಾನದಲ್ಲಿ ದೀಪ ಹಚ್ಚಿ ಬಂದು ಕುರ್ಚಿ ಎಳ್ಕೊಂಡು ತೊಟ್ಟಿ ಮುಂದೆ ಕೂತ್ರು. ತಾಳಿಯಲ್ಲಿರೋ ಹವಳದ ಮಣಿ ಬೆರಳಲ್ಲಿ ಹಿಡ್ಕೊಂಡು, ಇದೂ ಅದೇ ಏನಪ್ಪಾ ಅಂದ್ರು. ಅದು ಬೇರೆ ಜಾತಿ ಅಮ್ಮ, ಕೆಂಪು ಹವಳ, ಮೆಡಿಟರೇನಿಯನ್ ಅಂತ ದೂರದ ಸಮುದ್ರದಲ್ಲೂ ಆಗುತ್ತೆ, ನೀನು ಹಾಕ್ಕೊಂಡಿರೋದು ಅಂಥಾದ್ದರ ಒಳಗಿನ ಎಲುಬು ಇದ್ದಂಗೆ ಅಂದೆ. ಹಂಗಾರೆ ಇದರ ಮೇಲೂ ಹಿಂಗೇ ಹೂವು ಅರಳ್ತಿತ್ತಾ ಒಂದಿನ ಅಂತ ಕೇಳಿ ಬಹಳ ಹೊತ್ತು ಮಣಿ ಹಿಡ್ಕೊಂಡೇ ಕೂತಿದ್ರು. ಹೌದಮ್ಮ ಅಂದೆ. ಅಷ್ಟು ವರ್ಷದಿಂದ ಕೊರಳಲ್ಲಿರೋದನ್ನ ಅವ್ರು ಹಂಗೆ ನೋಡಿದ್ದು ನಾನು ಇದೇ ಮೊದಲು ಕಂಡಿದ್ದು.

ರಾತ್ರಿ 10:40. ಕೆಂಪು ಸೆಲೋಫೇನ್ ಸುತ್ತಿದ ಟಾರ್ಚ್ ಹಿಡಿದು ನೋಡಿದೆ. ಹರ್ಮಿಟ್ ಏಡಿ ಟೋಡ್‌ಸ್ಟೂಲ್ ಬುಡಕ್ಕೆ ಬಂದು ಪುಟ್ಟಿ ಮೇಲೆ ಹತ್ತಿ ಒಂದು ಸುತ್ತು ತಿರುಗಿ ಇಳಿದು ಹೋಯ್ತು, ಹವಳ ಅಲ್ಲಾಡ್ಲಿಲ್ಲ. ಟೋಪಿ ಇನ್ನೂ ಮುಚ್ಕೊಂಡೇ ಇದೆ. ಜೊವಾಂಥಿಡ್‌ನಲ್ಲಿ ಸಂಜೆನೇ ಎರಡು ಬಾಯಿ ಅರ್ಧ ತೆರೆದಿದ್ವು, ಅಂಚಲ್ಲಿ ಬ್ಲೇಡ್ ತಗುಲಿದ ಒಂದು ಮಾತ್ರ ಮುದುಡಿದೆ, ಅದು ಉಳಿಯುತ್ತೋ ಇಲ್ವೋ. ಮಶ್ರೂಮ್ ಡಬ್ಬಿಯ ನೆಟ್ ಮೂಲೆ ಸ್ವಲ್ಪ ಸಡಿಲ ಆಗಿತ್ತು, ಇನ್ನೊಂದು ರಬ್ಬರ್ ಬ್ಯಾಂಡ್ ಹಾಕಿ ಬಂದೆ.