ಗ್ರೀನಿಚ್‌ನಲ್ಲಿ ಒಂದು ಹಡಗಿನ ಹೊಟ್ಟೆ ಕೆಳಗೆ

ಲಂಡನ್ನಿನಲ್ಲಿ ಹಡಗಿನ ಹೆಸರಿಟ್ಟ ರೈಲು ಸ್ಟೇಷನ್ ಒಂದಿದೆ: ಕಟಿ ಸಾರ್ಕ್. ತುಂತುರು ಮಳೆಯಲ್ಲಿ ಅಲ್ಲಿ ಇಳಿದೆವು. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಎತ್ತರದ ಹಾಯಿಕಂಬಗಳು ಕಾಣಿಸಿದವು. "ಮೊದಲು ಟೀ ಕುಡಿಯೋಣ" ಎಂದಳು ನನ್ನ ಹೆಂಡತಿ. ಟೀ ಹೊರೋಕೆ ಅಂತಲೇ ಕಟ್ಟಿದ ಹಡಗು ಎದುರಿಗಿದೆ, ತಡಿ ಎಂದೆ.

1869ರಲ್ಲಿ ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ಕಟ್ಟಿದ್ದು. ಚೀನಾದ ಹೊಸ ಟೀಯನ್ನು ಬೇಗ ತಂದವರಿಗೆ ಆಗ ಒಳ್ಳೆ ದುಡ್ಡು. ಪಾಪ, ಇದು ನೀರಿಗಿಳಿಯುವ ಐದು ದಿನ ಮೊದಲು ಸೂಯೆಜ್ ಕಾಲುವೆ ತೆರೆಯಿತು. ಉಗಿ ಹಡಗುಗಳಿಗೆ ದಾರಿ ಹತ್ತಿರವಾಯಿತು. ಎಂಟು ಸಲ ಟೀ ತಂದು, ಆಮೇಲೆ ಆಸ್ಟ್ರೇಲಿಯಾದ ಉಣ್ಣೆ ಹೊತ್ತಿತು. ಹೆಸರು ಬಂದದ್ದು ಆ ಓಟದಲ್ಲೇ.

ಕೊನೆಗೆ ಗ್ರೀನಿಚ್‌ನಲ್ಲಿ ನೀರಿಲ್ಲದ ಹಡಗುಕಟ್ಟೆಯಲ್ಲಿ ಮ್ಯೂಸಿಯಂ ಆಗಿ ನಿಂತ ಇದಕ್ಕೆ 2007ರ ಮೇ 21ರ ನಸುಕಿನಲ್ಲಿ ಬೆಂಕಿ ಬಿತ್ತು. ಆಗ ದೊಡ್ಡ ರಿಪೇರಿ ನಡೆಯುತ್ತಿತ್ತು. ಶನಿವಾರ, ಭಾನುವಾರ ಆಫ್ ಮಾಡದೆ ಬಿಟ್ಟಿದ್ದ ವ್ಯಾಕ್ಯೂಮ್ ಕ್ಲೀನರೇ ಕಾರಣ ಇರಬೇಕು ಅಂತ ತನಿಖೆ ಹೇಳಿತು. ಗ್ಯಾಸ್ ಆಫ್ ಮಾಡಿದ್ನಾ ಅಂತ ಅರ್ಧ ದಾರಿಯಿಂದ ವಾಪಸ್ ಬರುವ ನನ್ನಂಥವನಿಗೆ ಇದು ಓದಿದಾಗ ಮೈ ಜುಮ್ಮೆಂದಿತ್ತು. ಆದರೆ ಅದೇ ರಿಪೇರಿಗಾಗಿ ಹಾಯಿಕಂಬಗಳನ್ನು, ಮೂತಿಯ ಗೊಂಬೆಯನ್ನು, ಹೆಚ್ಚುಕಮ್ಮಿ ಅರ್ಧ ಹಲಗೆಗಳನ್ನು ಮೊದಲೇ ಬಿಚ್ಚಿ ಬೇರೆ ಕಡೆ ಸಾಗಿಸಿದ್ದರು. ಬೆಂಕಿಗೆ ಸಿಕ್ಕಿದ್ದು ಕಡಿಮೆ. ಬೆಂಕಿ ತಂದದ್ದೂ ರಿಪೇರಿಯೇ, ಹಡಗು ಉಳಿಸಿದ್ದೂ ರಿಪೇರಿಯೇ, ವಿಚಿತ್ರ ಅಲ್ವಾ?

ಒಳಗೆ ಹೋದರೆ ಕಬ್ಬಿಣದ ಪಕ್ಕೆಲುಬುಗಳು ಕಾಣುತ್ತವೆ. ಹಳೆಯ ಕಬ್ಬಿಣಕ್ಕೆ ಬಿಳಿ ಬಣ್ಣ, ಹೊಸ ಉಕ್ಕಿಗೆ ಬೂದು ಬಣ್ಣ. ಒಂದು ಕಡೆ ಬಿಳಿ ಪಟ್ಟಿಯ ಬೆನ್ನಿಗೇ ಬೂದು ಪಟ್ಟಿ ಕೂತಿತ್ತು. ಹಳೆಯದರ ಮೈ ಏರುಪೇರು, ಗುಳಿಗುಳಿ, ಹೊಸದು ನುಣುಪು. ತೇಪೆಯನ್ನು ಮುಚ್ಚಿಡದೆ ತೋರಿಸಿದ್ದು ನನಗೆ ಜಾಸ್ತಿ ಹಿಡಿಸಿತು.

2012ರ ಏಪ್ರಿಲ್‌ನಲ್ಲಿ ರಾಣಿ ಎಲಿಜಬೆತ್ ಮತ್ತೆ ತೆರೆದಾಗ ಹಡಗು ಆ ಕಟ್ಟೆಯ ತಳದಿಂದ ಮೂರು ಮೀಟರಿಗೂ ಮೇಲಕ್ಕೆ ಎದ್ದು ನಿಂತಿತ್ತು. ಸುತ್ತ ಗಾಜಿನ ಚಾವಣಿ. ಹಾಗೆ ಎತ್ತಿದ್ದು ಸರಿಯಾ ಅಂತ ಜಗಳಗಳೇ ಆಗಿವೆ. ಹೊರಗಿನಿಂದ ನೋಡಿದರೆ ನನಗೂ ಗಾಜು ಇಷ್ಟವಾಗಲಿಲ್ಲ. ಕೆಳಗಿಳಿದ ಮೇಲೆ ಮಾತ್ರ ಮನಸ್ಸು ಬದಲಾಯಿತು. ತಲೆಯ ಮೇಲೆ ಹಿತ್ತಾಳೆ ಬಣ್ಣದ ತಗಡು ಹೊದ್ದ ಹೊಟ್ಟೆ, ಮೂತಿಯ ಕಡೆಗೆ ಚಾಕುವಿನಂತೆ ಸಣ್ಣಗಾಗುತ್ತಾ ಹೋಗುತ್ತದೆ. ಇದು ಯಾಕೆ ಅಷ್ಟು ಜೋರಾಗಿ ಓಡುತ್ತಿತ್ತು ಅಂತ ಯಾರೂ ಹೇಳಬೇಕಾಗಿಲ್ಲ.

ಅಲ್ಲೇ, ಹಡಗಿನ ಕೆಳಗೇ ಕೆಫೆ ಇತ್ತು. ಹೆಂಡತಿಗೆ ಕೊನೆಗೂ ಟೀ ಸಿಕ್ಕಿತು.