ಹಳೇ ಮೆಂಬ್ರೇನ್ ಬಿಚ್ಚಿ ನೋಡ್ದೆ

ಇವತ್ತು ಮನೆ ಆರ್‌ಒ ವಾಟರ್ ಪ್ಯೂರಿಫೈಯರ್‌ನ ಮೆಂಬ್ರೇನ್, ಅಂದ್ರೆ ನೀರು ಸೋಸೋ ಪೊರೆ, ಬದಲಾಯಿಸಿದ್ರು. ಹಳೇದನ್ನ ಎಸೆಯೋಕೆ ಬಿಡ್ಲಿಲ್ಲ ನಾನು, ಬ್ಲೇಡಲ್ಲಿ ಸೀಳಿ ನೆಲದ ಮೇಲೆ ಹರಡ್ದೆ.

ಚಾಪೆ ಥರ ಸುತ್ತಿರೋ ಹಾಳೆಗಳು, ಮುಟ್ಟಿದ್ರೆ ಕಂದು ಲೋಳೆ. ನಮ್ ಕೋಲಾರದ ಬೋರ್‌ವೆಲ್ ನೀರಿನ ಉಪ್ಪು, ಫ್ಲೋರೈಡ್ ಎಲ್ಲಾ ತಡೆಯೋದು ಆ ಹಾಳೆ ಮೇಲಿರೋ ಒಂದೇ ಒಂದು ಪದರ, ಪಾಲಿಅಮೈಡ್ ಅನ್ನೋ ಪ್ಲಾಸ್ಟಿಕ್‌ದು, ದಪ್ಪ ಸುಮಾರು 200 ನ್ಯಾನೋಮೀಟರ್, ಅಂದ್ರೆ ನಮ್ ತಲೆಕೂದಲೇ ಅದಕ್ಕಿಂತ ನೂರಾರು ಪಟ್ಟು ದಪ್ಪ!

2007ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಇದೇ ಪದರದೊಳಗೆ ಜಿಯೋಲೈಟ್ ಅನ್ನೋ ಸಣ್ಣ ಸಣ್ಣ ರಂಧ್ರಗಳಿರೋ ಖನಿಜದ ನ್ಯಾನೋಕಣ ಸೇರಿಸಿದ್ರು, ನೀರು ಇನ್ನೂ ಸಲೀಸಾಗಿ ದಾಟ್ತು, ಉಪ್ಪು ಮಾತ್ರ ಮೊದಲಿನ ಹಾಗೇ ಆಚೆ ಉಳೀತು. ಎಂಥಾ ಕೆಲಸ ಅಲ್ವಾ!

ಅಮ್ಮ ಅಲ್ಲಿ ವೇಸ್ಟ್ ಪೈಪ್ ಕೆಳಗೆ ಬಕೆಟ್ ಇಡ್ತಿದ್ರು, ಪಾತ್ರೆ ತೊಳೆಯೋಕೆ. ಹಾಳೆ ತುಂಡು ಇನ್ನೂ ಟೇಬಲ್ ಮೇಲಿದೆ, ಬಿಸಾಕೋಕೆ ಮನಸ್ಸೇ ಬರ್ತಿಲ್ಲ.